ಎಲ್‌ಸಿಪಿ ತುಣುಕಿನಲ್ಲಿ ಅಣುಗಳು ಯಾವ ಕಡೆ ಮಲಗಿವೆ? ಕತ್ತರಿಸಿ ನೋಡುವ ಬಗೆ

ಮಂಡ್ಯದ ಕಬ್ಬನ್ನು ಹಲ್ಲಿನಲ್ಲೇ ಸಿಗಿದು ತಿಂದವರಿಗೆ ಗೊತ್ತು, ಸಿಪ್ಪೆ ಉದ್ದುದ್ದಕ್ಕೆ ಸಲೀಸಾಗಿ ಸುಲಿದು ಬರುತ್ತದೆ, ಅಡ್ಡಕ್ಕೆ ಹರಿಯಲು ಹೋದರೆ ನಾರು ಬಿಡುವುದಿಲ್ಲ. ಎಲೆಕ್ಟ್ರಾನಿಕ್ ಉಪಕರಣಗಳ ಪುಟ್ಟ ಕನೆಕ್ಟರ್‌ಗಳಿಗೆ ಬಳಸುವ ದ್ರವ ಸ್ಫಟಿಕ ಪಾಲಿಮರ್, ಅಂದರೆ ಎಲ್‌ಸಿಪಿ ಎಂಬ ಪ್ಲಾಸ್ಟಿಕ್, ಅಚ್ಚಿನಿಂದ ಹೊರಬಂದಾಗ ಹೆಚ್ಚುಕಡಿಮೆ ಇದೇ ಸ್ವಭಾವವನ್ನು ತೋರುತ್ತದೆ. ನೈಲಾನಿನಲ್ಲಿ ಕೈ ಪಳಗಿದವರು ಎಡವುವುದು ಇಲ್ಲಿಯೇ.

ದ್ರವ ಸ್ಫಟಿಕ, ಅಂದರೆ ದ್ರವದಂತೆ ಹರಿದರೂ ಅಣುಗಳು ಒಂದಷ್ಟು ಸಾಲಾಗಿಯೇ ಇರುವ ವಸ್ತು, ಮೈಸೂರಿಗೆ ಹೊಸ ವಿಷಯವೇನಲ್ಲ. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗಕ್ಕೆ ಬಂದ ಎಸ್. ಚಂದ್ರಶೇಖರ್ ಅವರು ಮುಂದೆ 1977ರಲ್ಲಿ ಬೆಂಗಳೂರಿನಲ್ಲಿ ಸಂಗಡಿಗರೊಂದಿಗೆ ತಟ್ಟೆಯಾಕಾರದ ಅಣುಗಳ ದ್ರವ ಸ್ಫಟಿಕವನ್ನು ಕಂಡುಹಿಡಿದರು. ಎಲ್‌ಸಿಪಿಯ ಅಣುಗಳಾದರೋ ಬಾಗದ ಕಡ್ಡಿಗಳು. ಕರಗಿದಾಗಲೂ ಅವು ಗುಂಪುಗುಂಪಾಗಿ ಒಂದೇ ಕಡೆ ಮುಖಮಾಡಿರುತ್ತವೆ. ಹರಿವು ಎಳೆದತ್ತ ಸಾಲುಗಟ್ಟುತ್ತವೆ. ದ್ರವ ಬಹುಬೇಗ ಗಟ್ಟಿಯಾಗುವುದರಿಂದ ಆ ಸಾಲು ಕದಡುವ ಮೊದಲೇ ಹಾಗೆಯೇ ಉಳಿದುಬಿಡುತ್ತದೆ.

ಮೊದಲು ಅಚ್ಚಿಗೆ ಕರಗಿಸಿ ಹಾಕುವ ಎಲ್‌ಸಿಪಿ ಕಾಳುಗಳನ್ನು ತಯಾರಕರು ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ, ಒಣಗಿಸಿಕೊಳ್ಳಿ. ತೇವ ಉಳಿದರೆ ಕರಗುವ ಬಿಸಿಯಲ್ಲಿ ಅಣುಸರಪಳಿಯನ್ನು ಹಿಡಿದಿಡುವ ಎಸ್ಟರ್ ಕೊಂಡಿಗಳು ಕಡಿದು ತುಣುಕು ಪೆಡಸಾಗುತ್ತದೆ. ಅನಂತರ ಒಂದು ಅಂಚಿನ ಉದ್ದಕ್ಕೂ ಗೇಟ್, ಅಂದರೆ ಕರಗಿದ ಪ್ಲಾಸ್ಟಿಕ್ ಒಳನುಗ್ಗುವ ಬಾಯಿ, ಇರುವ ಅಚ್ಚಿನಲ್ಲಿ ಚಪ್ಪಟೆ ಹಲಗೆಗಳನ್ನು ತೆಗೆದು, ಬಿಸಿ ಆರುವ ಮುನ್ನವೇ ಹರಿವಿನ ದಿಕ್ಕಿಗೆ ಬಾಣದ ಗುರುತು ಹಾಕಿ. ಇದು ತೀರಾ ಚಿಕ್ಕ ಕೆಲಸವೆಂದು ಬಿಟ್ಟವರು ಮರುದಿನ ಪಟ್ಟಿಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ.

ಈಗ ಹಲಗೆಯಿಂದ ಬಾಣದ ಗುಂಟ ಐದು ಪಟ್ಟಿ, ಬಾಣಕ್ಕೆ ಅಡ್ಡಲಾಗಿ ಐದು ಪಟ್ಟಿ ಕತ್ತರಿಸಿ, ಎಳೆತ ಪರೀಕ್ಷೆಯ ಯಂತ್ರಕ್ಕೆ ಹಾಕಿ. ಗಾಜಿನ ನಾರು ಸೇರಿಸದ ಎಲ್‌ಸಿಪಿಯ ಬಿಗುವು (ಎಳೆದಾಗ ಹಿಗ್ಗದೆ ತಡೆಯುವ ಗುಣ) ಹರಿವಿನ ಗುಂಟ ಸುಮಾರು 10 ಗಿಗಾಪಾಸ್ಕಲ್ ಇದ್ದರೆ, ಅಡ್ಡಕ್ಕೆ ಅದರ ಮೂರನೇ ಒಂದು ಭಾಗಕ್ಕೂ ಇಳಿಯಬಹುದು. ಮಾರಾಟಗಾರರ ವಿವರಪತ್ರದಲ್ಲಿ ಕಾಣುವ ಸಂಖ್ಯೆ ಬಹುಮಟ್ಟಿಗೆ ಒಂದು ತುದಿಯಿಂದ ತುಂಬಿದ ಮಾದರಿಯದ್ದು, ಅಂದರೆ ಹರಿವಿನ ಗುಂಟದ್ದು. ಅದನ್ನೇ ನೆಚ್ಚಿ ಅಡ್ಡ ಭಾರ ಹೊರುವ ಭಾಗವನ್ನು ವಿನ್ಯಾಸ ಮಾಡುವುದು ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಮುರಿದ ಪಟ್ಟಿಯನ್ನು ಎಸೆಯಬೇಡಿ. ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದರೆ ಹೊರಗೆ ಸೌದೆಯ ಸಿಬಿರಿನಂಥ ನಾರು ಪದರ, ಒಳಗೆ ಅಷ್ಟು ಅಚ್ಚುಕಟ್ಟಿಲ್ಲದ ತಿರುಳು ಕಾಣುತ್ತದೆ. ಅಚ್ಚಿನ ಗೋಡೆಗೆ ತಾಗಿದ ಪದರದಲ್ಲಿ ಕಡ್ಡಿಗಳು ಹರಿವಿನ ಗುಂಟ ಮಲಗಿರುತ್ತವೆ. ತಿರುಳಿನಲ್ಲಿ ಅವು ಚದುರಿರುತ್ತವೆ, ಎಷ್ಟೋ ವೇಳೆ ಅಡ್ಡಲಾಗಿಯೂ ತಿರುಗಿರುತ್ತವೆ. ಆದ್ದರಿಂದಲೇ ಹಲಗೆ ತೆಳುವಾದಷ್ಟೂ ಸಿಪ್ಪೆಯಂಥ ಈ ಹೊರಪದರದ ಪಾಲು ಹೆಚ್ಚಿ, ಹರಿವಿನ ಗುಂಟದ ಬಿಗುವೂ ಏರುತ್ತದೆ. ಎರಡು ದಪ್ಪಗಳಲ್ಲಿ ಇದೇ ಪರೀಕ್ಷೆ ಮಾಡಿದರೆ ಈ ಮಾತು ನಿಮ್ಮ ಕೈಗೇ ತಿಳಿಯುತ್ತದೆ.

ಅಣುಗಳು ಎಷ್ಟು ಸಾಲುಗಟ್ಟಿವೆ ಎಂಬುದಕ್ಕೆ ಸಂಖ್ಯೆಯೇ ಬೇಕೆಂದಾದರೆ ಎಕ್ಸ್-ರೇ ವಿವರ್ತನ, ಅಂದರೆ ಎಕ್ಸ್-ರೇ ಹಾಯಿಸಿ ಅದು ಚದುರುವ ಚಿತ್ರ ತೆಗೆಯುವ ಪರೀಕ್ಷೆ, ಮಾಡಿಸಬೇಕು. ಅಣುಗಳು ಚದುರಿದ್ದರೆ ಚಿತ್ರದಲ್ಲಿ ಪೂರ್ಣ ಉಂಗುರ, ಸಾಲುಗಟ್ಟಿದ್ದರೆ ಎದುರುಬದುರು ಎರಡು ಕಮಾನು ಕಾಣುತ್ತವೆ. ಅದರಿಂದ ಲೆಕ್ಕಹಾಕುವ ಸಾಲುಗಟ್ಟುವಿಕೆಯ ಅಳತೆಯು ಪೂರ್ತಿ ಚದುರಿದಾಗ 0, ಎಲ್ಲವೂ ಒಂದೇ ದಿಕ್ಕಿಗಿದ್ದಾಗ 1 ಆಗುತ್ತದೆ.

ಕೊನೆಗೆ ಎರಡು ಗೇಟಿನಿಂದ ಬಂದ ಹರಿವುಗಳು ಕೂಡುವ ಗೆರೆಯ ಮೇಲೂ ಒಂದು ಪಟ್ಟಿ ಕತ್ತರಿಸಿ. ಅಲ್ಲಿ ಕಡ್ಡಿಗಳು ಒಂದರೊಳಗೊಂದು ಹೆಣೆದುಕೊಳ್ಳದೆ ಗೆರೆಯ ಗುಂಟ ಮಲಗುವುದರಿಂದ ಬಲ ಅರ್ಧಕ್ಕಿಂತಲೂ ಕೆಳಗೆ ಕುಸಿಯುವುದುಂಟು. ಗಾಜಿನ ನಾರು ಬೆರೆಸಿದರೆ ಎರಡು ದಿಕ್ಕುಗಳ ವ್ಯತ್ಯಾಸ ತಗ್ಗುತ್ತದೆಯಾದರೂ ಈ ಗೆರೆಯ ದುರ್ಬಲತೆ ನೀಗುವುದಿಲ್ಲ. ಹಾಗಾಗಿ ಗೆರೆಯು ಭಾರ ಬೀಳದ ಮೂಲೆಗೆ ಸರಿಯುವಂತೆ, ಅಚ್ಚಿನ ಉಕ್ಕು ಕಡಿಸುವ ಮುನ್ನವೇ ಗೇಟಿನ ಜಾಗವನ್ನು ಬದಲಿಸಿಕೊಳ್ಳಿ.