ಬೈಲುಕುಪ್ಪೆಯ ಆಮ್ಚಿ ಹತ್ರ ಕಲಿತ ನಾಲ್ಕು ಪ್ರಶ್ನೆ: ನನ್ನ ಅನುಭವ

ನಾನು ಆಯುರ್ವೇದದ ಬಿಎಎಂಎಸ್ ಮುಗಿಸಿ ಪಿರಿಯಾಪಟ್ಟಣದ ಕಡೆ ಕ್ಲಿನಿಕ್ ಇಟ್ಕೊಂಡಿರೋನು. ಬೈಲುಕುಪ್ಪೆ ಪಕ್ಕದಲ್ಲೇ ಇರೋದ್ರಿಂದ ಟಿಬೆಟನ್ ಪೇಷೆಂಟ್‌ಗಳು ಮೊದಲಿಂದಲೂ ಬರ್ತಾರೆ. ಅರವತ್ತರ ದಶಕದಿಂದ ಇಲ್ಲೇ ಮುಸುಕಿನ ಜೋಳ ಬೆಳ್ಕೊಂಡು ಇರೋ ಜನ, ಸಂತೇಲಿ ನಮಗಿಂತ ಚೆನ್ನಾಗಿ ಕನ್ನಡದಲ್ಲಿ ಚೌಕಾಸಿ ಮಾಡ್ತಾರೆ. "ನಂಗೆ ಲೂಂಗ್ ಜಾಸ್ತಿ ಆಗಿದೆ ಡಾಕ್ಟ್ರೇ" ಅಂತ ರೋಗದ ಹೆಸರು ಅವರೇ ಇಟ್ಕೊಂಡು ಬರೋರು, ನಾನು ಅದನ್ನ ವಾತ ಅಂತ ಬರ್ಕೊಂಡು ಔಷಧಿ ಕೊಡ್ತಿದ್ದೆ. ಲೂಂಗ್, ಟೀಪಾ, ಬೇಕೆನ್ ಅಂದ್ರೆ ಹೆಚ್ಚುಕಮ್ಮಿ ನಮ್ಮ ವಾತ ಪಿತ್ತ ಕಫಾನೇ, ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗಹೃದಯ 11ನೇ ಶತಮಾನದಲ್ಲೇ ಟಿಬೆಟನ್ ಭಾಷೆಗೆ ಹೋಗಿದೆ, ಅವರು ಔಷಧಿಯ ದೇವರು ಅಂತ ಪೂಜಿಸೋ ಬುದ್ಧನ ಕೈಲಿರೋದು ಕೂಡ ನಮ್ಮ ಅಳಲೆಕಾಯಿ. ಆದ್ರೆ ಕಾಯಿಲೆ ಯಾಕೆ ಬಂತು ಅಂತ ಕೇಳೋ ಕ್ರಮ ಇದ್ಯಲ್ಲ, ಅದು ಬೇರೆ ಥರ ಇದೆ. ಅಲ್ಲಿ ಒಬ್ರು ವಯಸ್ಸಾದ ಆಮ್ಚಿ, ಅಂದ್ರೆ ಟಿಬೆಟನ್ ವೈದ್ಯರು ಇದ್ರು, ರಜೆ ದಿನ ಹೋಗಿ ಅವರ ಪಕ್ಕ ಕೂತು ನೋಡ್ತಾ ನೋಡ್ತಾ ಅದು ತಲೆಗೆ ಹತ್ತಿತು.

ಅವರ ಮೂಲ ಗ್ರಂಥ ಗ್ಯೂಶಿ, 156 ಅಧ್ಯಾಯ, 12ನೇ ಶತಮಾನದ ಯುಥೋಕ್ ಯೋಂತೆನ್ ಗೊಂಪೊ ಅವರ ಹೆಸರಲ್ಲಿದೆ. ಅದರ ಪ್ರಕಾರ ಎಲ್ಲಾ ಕಾಯಿಲೆಗೂ ಬೇರು ಅಜ್ಞಾನ, ಅದರಿಂದ ಆಸೆ, ದ್ವೇಷ, ಮೋಹ. ಆಸೆಯಿಂದ ಲೂಂಗ್ ಕೆಡುತ್ತೆ, ದ್ವೇಷದಿಂದ ಟೀಪಾ, ಮೋಹದಿಂದ ಬೇಕೆನ್. ಇಷ್ಟೇ ಆಗಿದ್ರೆ ಪ್ರವಚನ ಕೇಳಿ ಕೈಮುಗಿದು ಎದ್ದು ಬರ್ತಿದ್ದೆ. ಆದ್ರೆ ಬೇರು ಇದ್ದ ಮಾತ್ರಕ್ಕೆ ಕಾಯಿಲೆ ಬರಲ್ಲ, ಅದನ್ನ ಎಬ್ಬಿಸೋಕೆ ನಾಲ್ಕು ನೆಪ ಬೇಕು ಅಂತಾರೆ: ಋತು, ಊಟ, ನಡವಳಿಕೆ, ಮತ್ತೆ ದೋನ್, ಅಂದ್ರೆ ಕಣ್ಣಿಗೆ ಕಾಣದ ಶಕ್ತಿಗಳ ಕಾಟ. ದೋನ್‌ನ ಬೇರೆ ಕೋಣೇಲಿ ಇಟ್ಟಿಲ್ಲ ನೋಡಿ, ಮಳೆಗಾಲ, ತಂಗಳನ್ನ, ನಿದ್ದೆಗೆಡೋದು ಇವುಗಳ ಸಾಲಲ್ಲೇ ಕೂರಿಸಿದ್ದಾರೆ. ನಮ್ಮಲ್ಲೂ ಭೂತವಿದ್ಯೆ ಆಯುರ್ವೇದದ ಎಂಟು ಅಂಗಗಳಲ್ಲಿ ಒಂದು ಅಂತ ಎಕ್ಸಾಮ್‌ಗೆ ಓದಿದ್ವಿ, ಪಾಸಾದ್ಮೇಲೆ ಯಾರು ಕೇಳ್ತಾರೆ.

ಅವರ ಲೆಕ್ಕದಲ್ಲಿ ಕಾಯಿಲೆ 404, ಅದನ್ನ ತಲಾ 101ರ ನಾಲ್ಕು ಗುಂಪಾಗಿ ಭಾಗ ಮಾಡ್ತಾರೆ. ಹಿಂದಿನ ಜನ್ಮದ ಕರ್ಮದ್ದು, ಈ ಜನ್ಮದ್ದು, ದೋನ್‌ನಿಂದ ಬಂದಿದ್ದು, ಮೇಲ್ಮೇಲಿನದ್ದು. ಮೇಲ್ಮೇಲಿನದ್ದು ಊಟ ವಿಶ್ರಾಂತಿ ಸರಿ ಮಾಡಿದ್ರೆ ತಾನೇ ಹೋಗುತ್ತೆ, ಈ ಜನ್ಮದ್ದಕ್ಕೆ ಔಷಧಿ ಬೇಕೇಬೇಕು, ದೋನ್‌ನದ್ದಕ್ಕೆ ಪೂಜೆ ಆಗ್ದೆ ಔಷಧಿ ಹತ್ತಲ್ಲ. ಕರ್ಮದ ಗುಂಪು ಮಾತ್ರ ನಂಗೆ ಸರಿ ಅನ್ನಿಸ್ಲಿಲ್ಲ, ವೈದ್ಯ ಸುಲಭವಾಗಿ ಕೈತೊಳ್ಕೊಳ್ಳೋಕೆ ದಾರಿ ಮಾಡಿಕೊಟ್ಟ ಹಾಗಲ್ವಾ, ಹಂಗೇ ಕೇಳ್ದೆ. ಆಮ್ಚಿ ನಕ್ಕು, "ಬಾಗಿಲಲ್ಲಿ ಬರೋವಾಗ ಯಾವ್ದು ಕರ್ಮ ಅಂತ ಹಣೇಲಿ ಬರ್ದಿರುತ್ತಾ ಡಾಕ್ಟ್ರೇ, ಔಷಧಿ ಕೊಟ್ಟೇ ನೋಡ್ಬೇಕು" ಅಂದ್ರು.

ಪರೀಕ್ಷೆ ಅಂದ್ರೆ ನೋಡೋದು, ಮುಟ್ಟೋದು, ಕೇಳೋದು. ಒಂದ್ಸಲ ಅಲ್ಲಿನ ಸೆರಾ ಮಠದ ಕಡೆಯಿಂದ ಒಬ್ಬ ಹುಡುಗ ಸನ್ಯಾಸಿ ಬಂದಿದ್ದ, ನಿದ್ದೆ ಇಲ್ಲ, ಎದೆ ಡವಡವ, ಸುಮ್ಮಸುಮ್ಮನೆ ಅಳು. ಆಮ್ಚಿ ಬೆಳಗಿನ ಮೊದಲ ಮೂತ್ರಾನ ಬಿಳಿ ಬಟ್ಟಲಿಗೆ ಹಾಕಿ ಕಡ್ಡೀಲಿ ಗರಗರ ಕಲಕಿದ್ರು, ನೀರಿನ ಥರ ತೆಳು, ಮೇಲೆ ದೊಡ್ಡ ದೊಡ್ಡ ಗುಳ್ಳೆ. ಟೀಪಾ ಆಗಿದ್ರೆ ಕೆಂಪು ಹಳದಿ, ಗಾಢ ವಾಸನೆ, ಜೋರು ಹಬೆ ಇರುತ್ತೆ, ಬೇಕೆನ್ ಆಗಿದ್ರೆ ಬೆಳ್ಳಗೆ, ವಾಸನೇನೂ ಕಮ್ಮಿ ಹಬೇನೂ ಕಮ್ಮಿ. ಆಮೇಲೆ ಎಡಗೈ ನಾಡಿ (ಗಂಡಸಿಗೆ ಎಡ ಮೊದಲು, ಹೆಂಗಸಿಗೆ ಬಲ), ಮೂರು ಬೆರಳಿಟ್ಟು ತಮ್ಮದೇ ಉಸಿರಿಗೆ ಎಷ್ಟು ಬಡಿತ ಅಂತ ಎಣಿಸ್ತಾರೆ, ಒಂದು ಉಸಿರಿಗೆ ಐದಿದ್ರೆ ಸರಿ, ಜಾಸ್ತಿ ಆದ್ರೆ ಉಷ್ಣದ ಕಾಯಿಲೆ, ಕಮ್ಮಿ ಆದ್ರೆ ಶೀತದ್ದು. ಕೊನೆಗೆ ಬೆನ್ನುಮೂಳೆ ಮೇಲೆ ಒಂದೊಂದೇ ಗಂಟು ಒತ್ತುತ್ತಾ ಬಂದು ಒಂದು ಕಡೆ ನಿಂತ್ರು, ಹುಡುಗ ಅಯ್ಯೋ ಅಂದ. ಎದೆ ಮಧ್ಯ ಒತ್ತಿದ್ರೂ ನೋವು. ಸೋಕ್‌ಲೂಂಗ್ ಅಂದ್ರು, ಜೀವ ಹಿಡಿದಿಟ್ಟಿರೋ ಗಾಳಿ ಕೆಟ್ಟಿರೋದು. ಖಾಲಿ ಹೊಟ್ಟೇಲಿ ಗಂಟೆಗಟ್ಲೆ ಬಾಯಿಪಾಠ, ರಾತ್ರಿ ಡಿಬೇಟು, ಮೂರು ಹೊತ್ತೂ ಕಡಕ್ ಟೀ, ಊರಲ್ಲಿ ತಾಯಿ ಹೋದ ದುಃಖ ಬೇರೆ. ಮೂಳೆ ಸೂಪು, ಬೆಳ್ಳುಳ್ಳಿ, ರಾತ್ರಿ ಬಿಸಿಹಾಲು, ಎಣ್ಣೆ ಹಚ್ಚಿಸ್ಕೊಳ್ಳೋದು, ಮಾತಾಡೋ ಗೆಳೆಯರ ಜೊತೆ ಇರೋದು, ಮೇಲೆ ಅಗರ್ 35 ಗುಳಿಗೆ. ಮಠದಲ್ಲಿ ಒಂದು ಪೂಜೇನೂ ಮಾಡಿಸ್ಕೋ ಅಂದ್ರು, ಅದನ್ನ ಹೇಳಿದ್ದೂ ಬೆಳ್ಳುಳ್ಳಿ ತಿನ್ನು ಅಂದ ದನೀಲೇ.

ಅವರ ಗುಳಿಗೆ ನಾನು ಬರ್ಕೊಡಲ್ಲ. ಸೋವಾ ರಿಗ್ಪಾಗೆ, ಅಂದ್ರೆ ಅವರ ವೈದ್ಯ ಪದ್ಧತಿಗೆ, 2010ರಲ್ಲೇ ಕಾನೂನಿನ ಮಾನ್ಯತೆ ಸಿಕ್ಕಿದೆ, ಅದಕ್ಕೆ ಅದರದ್ದೇ ಓದು ಇದೆ, ನಾನು ಓದಿಲ್ಲ. ನಾನು ತಂದಿದ್ದು ಋತು, ಊಟ, ನಡವಳಿಕೆ, ದೋನ್ ಅನ್ನೋ ಆ ನಾಲ್ಕು ಪ್ರಶ್ನೆ ಮಾತ್ರ, ಈಗ ಕೇಸ್ ಶೀಟಲ್ಲಿ ನಾಲ್ಕು ಖಾನೆ ಹಾಕ್ಸಿದ್ದೀನಿ.

ನಮ್ಮೋರೇ ಒಬ್ರು ರೈತರು ಬಂದಿದ್ರು, ಮುಖ ಕತ್ತು ಮುಂಗೈಯೆಲ್ಲ ಕೆಂಪಗೆ ದಪ್ಪಗಾಗಿ ಕೆರೆತ. ಮನೆಯೋರು ನಾಗದೋಷ ಅಂತ ಆಗ್ಲೇ ತೀರ್ಮಾನ ಮಾಡಿ ಬಂದಿದ್ರು, ಜೆಸಿಬಿ ತರ್ಸಿ ಹುತ್ತ ಒಡೆಸಿದ್ರಂತೆ. ಟಿಬೆಟನ್ನರೂ ಇದನ್ನೇ ಹೇಳೋರು, ನೀರಿನ ಸೆಲೆ ಕೆದಕಿದ್ರೆ, ಗಲೀಜು ಮಾಡಿದ್ರೆ ಲೂ ಅನ್ನೋ ನಾಗಗಳು ಮುನಿದು ಚರ್ಮದ ಕಾಯಿಲೆ ಕೊಡ್ತಾವೆ ಅಂತ, ಅದಕ್ಕೆ ಹಾಲು ಅರ್ಪಿಸಿ ಧೂಪ ಹಾಕ್ತಾರೆ. ನಾನು ವಾದಕ್ಕೆ ಇಳೀಲಿಲ್ಲ, ದೋನ್ ಖಾನೇಲಿ ಹುತ್ತ ಅಂತ ಬರ್ಕೊಂಡು ಮಿಕ್ಕಿದ್ದು ಕೇಳ್ದೆ. ಋತು: ಮಳೆ ಬಿದ್ಮೇಲೆ ಶುರು. ನಡವಳಿಕೆ: ಅದೇ ಜಾಗದಲ್ಲಿ ಎದೆಮಟ್ಟ ಬೆಳೆದಿದ್ದ ಕಾಂಗ್ರೆಸ್ ಗಿಡಾನ ಬರಿಗೈಲಿ ಕಿತ್ತಿದ್ದಾರೆ! ಬಟ್ಟೆ ಮುಚ್ಚಿರೋ ಕಡೆ ಚರ್ಮ ಕ್ಲೀನು, ಬಿಟ್ಟಿರೋ ಕಡೆ ಮಾತ್ರ ಕೆರೆತ. ಪಾರ್ಥೇನಿಯಂ ಅಲರ್ಜಿ. ಹಚ್ಚೋಕೆ ಕೊಟ್ಟು, ಗಿಡದ ಹತ್ರ ಹೋಗ್ಬೇಡಿ, ಹೋದ್ರೂ ತುಂಬುತೋಳು ಗ್ಲೌಸು ಹಾಕ್ಕೊಳ್ಳಿ ಅಂದೆ, ಕುಕ್ಕೆಗೆ ಹೋಗೋದಾದ್ರೆ ಹೋಗಿಬನ್ನಿ ಅಂತಾನೂ ಅಂದೆ. ಹೋದ್ರು, ಹಂಗೇ ನೆಂಟರ ಮನೇಲಿ ಉಳ್ಕೊಂಡು ಹೊಲದ ಕಡೆ ತಲೆ ಹಾಕ್ಲಿಲ್ಲ, ಕೆರೆತ ಇಳೀತು. ಸುಬ್ರಹ್ಮಣ್ಯನೇ ವಾಸಿ ಮಾಡ್ದ ಅಂತಾರೆ, ಅನ್ಲಿ ಬಿಡಿ, ತುಂಬುತೋಳಿನ ಶರ್ಟು ಮಾತ್ರ ಬಿಟ್ಟಿಲ್ಲ.

ಒಂದು ಕಡೆ ಮಾತ್ರ ನಾನು ಯಾರ ಮಾತೂ ಕೇಳಲ್ಲ. ಲಕ್ವ ಮೂರ್ಛೆರೋಗ ಇವೆಲ್ಲ ಅವರಲ್ಲಿ ಗ್ರಹದ ಕಾಟ, ರಾಹುವಿನ ಲೆಕ್ಕಕ್ಕೆ ಬರುತ್ತೆ, ನಮ್ಮೂರಲ್ಲೂ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸೋಕೆ ಹೋಗ್ತಾರೆ. ಬಾಯಿ ಸೊಟ್ಟಗಾಗಿ ಕೈ ಬಿದ್ದೋದ್ರೆ ಗಾಡಿ ಹತ್ತಿಸಿ ಸ್ಕ್ಯಾನಿಂಗ್ ಇರೋ ದೊಡ್ಡಾಸ್ಪತ್ರೆಗೆ ಓಡಿ, ರಕ್ತದ ಹೆಪ್ಪು ಕರಗಿಸೋ ಇಂಜೆಕ್ಷನ್ನ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಒಳಗೆ ಕೊಡ್ಬೇಕು. ರಾಹು ಎಲ್ಲೂ ಹೋಗಲ್ಲ, ಆಮೇಲೆ ನೋಡ್ಕೊಳ್ಳೋಣ.

ಆಮ್ಚಿಗಳ ಹತ್ರ ಹೋಗೋರು ಇದ್ರೆ: ಹಿಂದಿನ ರಾತ್ರಿ ಎಣ್ಣೆ (ಕುಡಿಯೋದು), ಟೀ, ಮಜ್ಜಿಗೆ ಬೇಡ, ನಿದ್ದೆ ಕೆಡ್ಬೇಡಿ, ಬೆಳಿಗ್ಗೆ ಎದ್ದ ತಕ್ಷಣದ ಮೂತ್ರ ಕ್ಲೀನಾದ ಬಾಟಲೀಲಿ ತಗೊಂಡು ಹೋಗಿ, ನಾಡಿಗೂ ಖಾಲಿ ಹೊಟ್ಟೇನೇ ಒಳ್ಳೇದು. ನೀವು ನುಂಗ್ತಿರೋ ಬಿಪಿ ಶುಗರ್ ಮಾತ್ರೆ ಚೀಟಿ ತೋರಿಸಿ, ಬರ್ಕೊಟ್ಟ ಡಾಕ್ಟ್ರನ್ನ ಕೇಳದೇ ಅದನ್ನ ನಿಲ್ಲಿಸ್ಬೇಡಿ. ಬಿ ಕಾಂಪ್ಲೆಕ್ಸ್ ನುಂಗಿದ್ರೆ ಮೊದ್ಲೇ ಹೇಳ್ಬಿಡಿ, ಮೂತ್ರ ಅರಿಶಿನದ ನೀರಿನ ಥರ ಆಗಿರುತ್ತೆ, ಪಾಪ ಅವರು ನಿಮ್ಮನ್ನ ಭಾರೀ ಕೋಪಿಷ್ಠರು ಅಂದ್ಕೊಂಡಾರು.