ಸಹಿಗಿಂತ ಮೊದಲು ಷರತ್ತು: ಒಪ್ಪಿಗೆಯ ವಿಚ್ಛೇದನ ಪಡೆಯುವುದು ಹೇಗೆ?

ಛಾಪಾ ಕಾಗದದಲ್ಲಿ ಸೋಡಚೀಟಿ ಬರೆದು, ಊರ ಹಿರಿಯರಿಂದ ರುಜು ಹಾಕಿಸಿಕೊಂಡರೆ ಮದುವೆ ಮುರಿಯಿತು ಎಂಬ ನಂಬಿಕೆ ಇನ್ನೂ ಇದೆ. ಅದನ್ನೇ ನೆಚ್ಚಿ ಮರುಮದುವೆಯಾದ ಹೆಣ್ಣುಮಗಳು ಮುಂದೆ ಪಡುವ ಪಾಡು ಸಂಕಟದ್ದು. ಸಮುದಾಯದಲ್ಲಿ ಅಂಥ ರೂಢಿ ಹಿಂದಿನಿಂದಲೂ ಇತ್ತೆಂದು ಕೋರ್ಟಿನಲ್ಲಿ ಸಾಬೀತುಪಡಿಸಲಾಗದಿದ್ದರೆ ಆ ಚೀಟಿ ನಿಲ್ಲುವುದಿಲ್ಲ.

ಮೊದಲು ನಿಮ್ಮ ಮದುವೆಗೆ ಅನ್ವಯಿಸುವ ಕಾಯ್ದೆ ಯಾವುದೆಂದು ತಿಳಿದುಕೊಳ್ಳಿ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ, ಧರ್ಮ ಯಾವುದಾದರೂ ವಿವಾಹಾಧಿಕಾರಿಯ ಮುಂದೆ ವಿಶೇಷ ವಿವಾಹವಾದವರಿಗೆ 1954ರ ವಿಶೇಷ ವಿವಾಹ ಕಾಯ್ದೆ, ಹಿಂದೂ, ಜೈನ, ಬೌದ್ಧ, ಸಿಖ್ಖರಿಗೆ 1955ರ ಹಿಂದೂ ವಿವಾಹ ಕಾಯ್ದೆ. ಈ ಕೊನೆಯದರ 13ಬಿ ಕಲಮಿನ ದಾರಿಯನ್ನು, ಅಂದರೆ ಇಬ್ಬರೂ ಒಪ್ಪಿ ಕೋರ್ಟಿನಿಂದ ಪಡೆಯುವ ವಿಚ್ಛೇದನವನ್ನು ಇಲ್ಲಿ ವಿವರಿಸಿದೆ.

ಅರ್ಜಿ ಹಾಕುವ ಹೊತ್ತಿಗೆ ಕನಿಷ್ಠ ಒಂದು ವರ್ಷ ಬೇರೆಯಾಗಿ ಬಾಳಿರಬೇಕು. ಒಂದೇ ಸೂರಿನಡಿ ಇದ್ದರೂ ಗಂಡ ಹೆಂಡಿರಂತೆ ಬಾಳದಿದ್ದರೆ ಅದೂ ಬೇರೆ ಬಾಳುವೆಯೇ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದೆ.

ಮುಂದಿನದು ಷರತ್ತುಗಳ ಬರವಣಿಗೆ. ಬೇಗ ಮುಗಿದರೆ ಸಾಕೆಂಬ ದಣಿವಿನಲ್ಲಿ ಜನ ಎಡವುವುದು ಇಲ್ಲೇ, ದಯವಿಟ್ಟು ಅವಸರಪಡಬೇಡಿ. ಕಾಯಂ ಜೀವನಾಂಶ ಎಷ್ಟು, ಯಾವ ದಿನ, ಡಿ.ಡಿ.ಯೋ ಬ್ಯಾಂಕ್ ವರ್ಗಾವಣೆಯೋ? ತವರಿನಿಂದ ಬಂದ ಒಡವೆ, ಪಾತ್ರೆಪಗಡ ಯಾರ ಬಳಿ ಇದೆ? ಒಂದೊಂದನ್ನೂ ಪಟ್ಟಿ ಮಾಡಿ. ಮಗು ಯಾರ ಬಳಿ ಇರಬೇಕು, ದಸರಾ ಮತ್ತು ಬೇಸಿಗೆ ರಜೆಯಲ್ಲಿ ಎಲ್ಲಿ, ಶಾಲೆಯ ಶುಲ್ಕ ಯಾರದು ಎಂಬುದೂ ಕಾಗದದಲ್ಲಿರಲಿ. ಇಬ್ಬರ ಹೆಸರಿನ ಗೃಹಸಾಲವನ್ನು ಒಬ್ಬರೇ ತೀರಿಸುವುದಾಗಿ ಬರೆದುಕೊಂಡರೂ ಬ್ಯಾಂಕ್ ಅದಕ್ಕೆ ಬದ್ಧವಲ್ಲ. ಸಾಲಪತ್ರವನ್ನೇ ಬದಲಿಸಿಕೊಳ್ಳಬೇಕು. ವಕೀಲರ ಶುಲ್ಕ ಭಾರವೆನಿಸುವ ಮಹಿಳೆಯರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಗೆ ಉಚಿತ ನೆರವು ಕೊಡಲು ಆದಾಯದ ಮಿತಿ ಇಲ್ಲ.

ಜಂಟಿ ಅರ್ಜಿಯನ್ನು ಮದುವೆ ನಡೆದ ಊರಿನಲ್ಲೋ, ಇಬ್ಬರೂ ಕೊನೆಗೆ ಒಟ್ಟಿಗಿದ್ದ ಊರಿನಲ್ಲೋ ಅಲ್ಲಿನ ಕೌಟುಂಬಿಕ ನ್ಯಾಯಾಲಯಕ್ಕೆ ಸಲ್ಲಿಸಬಹುದು. ಲಗ್ನಪತ್ರಿಕೆ, ಮದುವೆಯ ಫೋಟೊ, ನೋಂದಣಿ ಪತ್ರ, ಆಧಾರ್ ಜೊತೆಗಿರಲಿ. ನ್ಯಾಯಾಲಯ ಸಂಧಾನಕ್ಕೆ ಕಳುಹಿಸಬಹುದು. ಷರತ್ತುಗಳಲ್ಲಿ ಉಳಿದ ಗಂಟುಗಳನ್ನು ಬಿಡಿಸಿಕೊಳ್ಳಲು ಅದು ಒಳ್ಳೆಯ ಜಾಗ.

ಆಮೇಲೆ ಆರು ತಿಂಗಳ ಕಾಯುವಿಕೆ. ಒಂದೂವರೆ ವರ್ಷಕ್ಕೂ ಹೆಚ್ಚು ಬೇರೆಯಿದ್ದು, ಸಂಧಾನ ಫಲಿಸದೆ, ಹಣ ಮತ್ತು ಮಗುವಿನ ವಿಷಯ ಇತ್ಯರ್ಥವಾಗಿದ್ದರೆ ಈ ಅವಧಿಯನ್ನು ನ್ಯಾಯಾಲಯ ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಡಿಕ್ರಿ, ಅಂದರೆ ವಿಚ್ಛೇದನದ ಅಂತಿಮ ಆದೇಶ ಆಗುವವರೆಗೂ ಇಬ್ಬರ ಒಪ್ಪಿಗೆ ಉಳಿದಿರಬೇಕು. ಒಬ್ಬರು ಹಿಂದೆ ಸರಿದರೆ ಈ ಅರ್ಜಿಯ ಮೇಲೆ ವಿಚ್ಛೇದನವಿಲ್ಲ. ಆದ್ದರಿಂದ ಪೂರ್ತಿ ಹಣವನ್ನು ಮೊದಲ ದಿನವೇ ಕೊಡುವುದೂ ಬೇಡ, ಪೂರ್ತಿ ಬಾಕಿ ಉಳಿಸಿಕೊಳ್ಳುವುದೂ ಬೇಡ. ಅರ್ಧ ಅರ್ಜಿಯ ದಿನ, ಅರ್ಧ ಕಾಯುವಿಕೆ ಮುಗಿದ ಮೇಲೆ ಇಬ್ಬರೂ ಕೋರ್ಟಿನಲ್ಲಿ ಒಪ್ಪಿಗೆಯ ಅಂತಿಮ ಹೇಳಿಕೆ ಕೊಡುವ ದಿನ ಎಂದು ಬರೆಸುವುದೇ ಇಬ್ಬರಿಗೂ ಕ್ಷೇಮ.

ಅಂತಿಮ ಹೇಳಿಕೆ ದಾಖಲಾದ ಮೇಲೆ ಡಿಕ್ರಿ. ಅದರ ಒಂದು ಪ್ರತಿಯನ್ನು ಇಬ್ಬರಿಗೂ ನ್ಯಾಯಾಲಯವೇ ಉಚಿತವಾಗಿ ಕೊಡಬೇಕು. ಹೆಸರು, ಮದುವೆಯ ದಿನಾಂಕ ಸರಿಯಿದೆಯೇ ಎಂದು ಅಲ್ಲೇ ನಿಂತು ಓದಿ ನೋಡಿ.