ಹುಳದ ಹೊಟ್ಟೆಯಲ್ಲಿ ಕೂತ ಗೋಗೋ: ಅವನನ್ನು ಪಾರ್ಟಿಗೆ ಸೇರಿಸಿಕೊಳ್ಳುವುದು ಹೇಗೆ?

ಫೈನಲ್ ಫ್ಯಾಂಟಸಿ 6 ಅನ್ನೋ ವಿಡಿಯೊ ಗೇಮನ್ನು ಕೊನೆತನಕ ಆಡಿ ಮುಗಿಸಿದವರಲ್ಲೂ ಗೋಗೋ ಅನ್ನೋ ಗುಟ್ಟಿನ ಪಾತ್ರವನ್ನು ನೋಡದವರು ಸಿಗುತ್ತಾರೆ. ಕಥೆ ನಿಮ್ಮನ್ನು ಅವನ ಹತ್ತಿರ ಕರೆದುಕೊಂಡು ಹೋಗುವುದೇ ಇಲ್ಲ. ಅವನು ಇಲ್ಲದೆಯೂ ಆಟ ಆರಾಮವಾಗಿ ಮುಗಿಯುತ್ತದೆ. ಮೇಲಾಗಿ ಅವನು ಸಿಗಬೇಕಾದರೆ ಆಟ ಆಡುವವರು ಯಾರೂ ಬೇಕೂಂತ ಮಾಡದ ಕೆಲಸ ಒಂದನ್ನು ಮಾಡಬೇಕು. ಶತ್ರು ಬಾಯಿ ತೆರೆದಾಗ ಸುಮ್ನೆ ನಿಂತು ನುಂಗಿಸಿಕೊಳ್ಳಬೇಕು. ಒಬ್ಬರಲ್ಲ, ಪೂರ್ತಿ ಪಾರ್ಟಿ, ಅಂದರೆ ಜೊತೆಗೆ ಹೊರಟ ನಮ್ಮ ತಂಡದವರೆಲ್ಲರೂ.

ಇದು 1994ರಲ್ಲಿ ಜಪಾನಿನ ಸ್ಕ್ವೇರ್ ಕಂಪನಿ ಸೂಪರ್ ಫ್ಯಾಮಿಕಾಮ್ ಅನ್ನೋ ಗೇಮ್ ಯಂತ್ರಕ್ಕೆ ತಂದ ಆಟ. ಈಗ ಪಿಕ್ಸೆಲ್ ರೀಮಾಸ್ಟರ್ ಅಂತ ಹೊಸ ರೂಪದಲ್ಲಿ ಬಂದಿದೆ, 2022ರಿಂದ ಫೋನಿನಲ್ಲೂ ಆಡಬಹುದು. ಹಾಗಾಗಿ ಮುಂಬೈ ಕಡೆ ಡೊಂಬಿವಲಿಯಿಂದ ಸಿಎಸ್‌ಎಂಟಿ ಸ್ಲೋ ಲೋಕಲ್ ಹಿಡಿದು ದಿನಾ ಓಡಾಡುವ ನಮ್ಮಂಥವರಿಗೆ, ಅದರಲ್ಲೂ ಸೀಟು ಸಿಕ್ಕ ಪುಣ್ಯವಂತರಿಗೆ, ಇದು ಹೇಳಿ ಮಾಡಿಸಿದ ಆಟ. ಒಬ್ಬೊಬ್ಬರ ಸರದಿ ಬಂದಾಗ ಬೆರಳಾಡಿಸಿದರೆ ಆಯ್ತು, ಶೂಟಿಂಗ್ ಆಟದ ಧಾವಂತ ಇಲ್ಲ. ಕೆಳಗೆ ಹೇಳಿರುವುದು ಪಿಕ್ಸೆಲ್ ರೀಮಾಸ್ಟರ್ ನೋಡಿಕೊಂಡೇ. ಹಳೆಯ ಆವೃತ್ತಿಯಲ್ಲೂ ದಾರಿ ಇದೇ, ಹೆಸರುಗಳು ಮಾತ್ರ ಸ್ವಲ್ಪ ಬೇರೆ.

ಮೊದಲು: ಏರ್‌ಶಿಪ್ ಬೇಕು

ಆಟದ ಮೊದಲರ್ಧದಲ್ಲಿ ಗೋಗೋ ಇಲ್ಲ, ಹುಡುಕಬೇಡಿ. ಆಟದ ಖಳನಾಯಕ ಕೆಫ್ಕಾ ಲೋಕವನ್ನು ಧ್ವಂಸ ಮಾಡಿ ಒಂದು ವರ್ಷ ಕಳೆದ ಮೇಲೆ ನಮ್ಮ ತಂಡದ ಸೆಲೆಸ್ ಒಂಟಿ ದ್ವೀಪದಲ್ಲಿ ಎಚ್ಚರಗೊಳ್ಳುತ್ತಾಳೆ ಅಲ್ವಾ, ಎರಡನೇ ಭಾಗ ಶುರುವಾಗುವುದು ಅಲ್ಲಿಂದ. ಹಳೆಯ ಜೊತೆಗಾರ ಎಡ್ಗರ್‌ನನ್ನು ಹುಡುಕಿ, ಕೋಲಿಂಗನ್ ಊರಿನಲ್ಲಿ ಇನ್ನೊಬ್ಬ ಜೊತೆಗಾರ ಸೆಟ್ಜರ್‌ನನ್ನು ಎಬ್ಬಿಸಿ, ಅವನ ಗೆಳತಿ ಡ್ಯಾರಿಲ್ ಸಮಾಧಿಯೊಳಗೆ ಇಳಿದು ಫಾಲ್ಕನ್ ಅನ್ನೋ ಏರ್‌ಶಿಪ್, ಅಂದರೆ ಹಾರುವ ಹಡಗು, ಹೊರತೆಗೆಯಬೇಕು. ಅದು ಕೈಗೆ ಬಂದ ತಕ್ಷಣವೇ ಗೋಗೋ ಹತ್ತಿರ ಹೋಗಬಹುದು. ಆದರೆ ಹುಳದ ಹೊಟ್ಟೆಯೊಳಗೆ ಕಾಡುವ ಶತ್ರುಗಳು ಸುಲಭದವರಲ್ಲ. ಇನ್ನೂ ಒಂದಿಬ್ಬರನ್ನು ಸೇರಿಸಿಕೊಂಡು, ಲೆವೆಲ್ ಸ್ವಲ್ಪ ಏರಿಸಿಕೊಂಡು ಹೋಗುವುದೇ ವಾಸಿ.

ಆಮೇಲೆ: ಮೂಲೆಯ ದ್ವೀಪ

ಭೂಪಟದ ಈಶಾನ್ಯ ಮೂಲೆಯಲ್ಲಿ ತ್ರಿಕೋನಾಕಾರದ ಪುಟ್ಟ ದ್ವೀಪ ಇದೆ. ಊರಿಲ್ಲ, ಗುಹೆಯಿಲ್ಲ, ಏನೂ ಇಲ್ಲ. ಮೊದಲರ್ಧದಲ್ಲಿ ಇದೇ ತ್ರಿಕೋನ ದ್ವೀಪದಲ್ಲಿ ಕಣ್ಣಿಗೆ ಕಾಣದ ಇಂಟ್ಯಾಂಜಿರ್ ಅನ್ನೋ ಶತ್ರು ಮಲಗಿರುತ್ತಿತ್ತು. ಈಗ ಅದರ ಜಾಗದಲ್ಲಿ ಝೋನ್ ಈಟರ್ ಅನ್ನೋ ದೊಡ್ಡ ಹುಳ. ಏರ್‌ಶಿಪ್ ಇಳಿಸುವ ಮೊದಲು ಒಮ್ಮೆ ಸೇವ್ ಮಾಡಿ. ಇಳಿದು ಅತ್ತಿಂದಿತ್ತ ನಡೆದಾಡಿ. ಈ ದ್ವೀಪದಲ್ಲಿ ಬೇರೆ ಯಾವ ಶತ್ರುವೂ ಬರುವುದಿಲ್ಲ, ಬಂದರೆ ಹುಳವೇ ಬರುತ್ತದೆ.

ಈಗ: ಕೈ ಕಟ್ಟಿ ಕೂರಿ

ಬ್ಯಾಟಲ್ ಶುರುವಾಯ್ತಾ? ಆಟೋ ಬ್ಯಾಟಲ್ ಆನ್ ಇದ್ದರೆ ಮೊದಲು ಆಫ್ ಮಾಡಿ. ಇದು ಮುಖ್ಯ. ಅದು ನೀವು ಹಿಂದೆ ಕೊಟ್ಟ ಕಮಾಂಡನ್ನೇ ಮತ್ತೆ ಮತ್ತೆ ಕೊಡುತ್ತಾ ಹೋಗುತ್ತದೆ, ನೀವು ಕಿಟಕಿಯಾಚೆ ಮುಲುಂಡ್ ಬಂತಾ ಅಂತ ನೋಡುವಷ್ಟರಲ್ಲಿ ಹುಳ ಸತ್ತು ಹೋಗಿರುತ್ತದೆ. ಅದಕ್ಕಿರುವುದು 7,700 ಎಚ್‌ಪಿ (ಜೀವಬಲ), ಬಲವಾದ ಪಾರ್ಟಿ ಇದ್ದರೆ ಜಾಸ್ತಿ ಹೊತ್ತು ತಡೆಯುವುದಿಲ್ಲ. ಸತ್ತರೂ ಪರವಾಗಿಲ್ಲ, ಮತ್ತೆ ನಡೆದಾಡಿದರೆ ಇನ್ನೊಂದು ಬರುತ್ತದೆ.

ಎಲ್ಲರಿಗೂ ಡಿಫೆಂಡ್, ಅಂದರೆ ಹೊಡೆಯದೆ ಏಟು ತಡೆದುಕೊಳ್ಳುವ ಕಮಾಂಡ್, ಕೊಡಿ. ಹುಳ ನಡುನಡುವೆ ಮಾಮೂಲಿ ಏಟು ಕೊಡುತ್ತದೆ, ಯಾರಾದರೂ ತೀರಾ ಸೋತರೆ ಅವರಿಗೆ ಪೋಶನ್ ಕುಡಿಸಿ. ಆಮೇಲೆ ಅದು ಎಂಗಲ್ಫ್ ಅನ್ನೋ ದಾಳಿ ಮಾಡಿ ಒಬ್ಬರನ್ನು ನುಂಗುತ್ತದೆ. ಆ ಪಾತ್ರ ಪರದೆಯಿಂದ ಮಾಯ. ಹೆದರಿ ಹೊಡೆಯಲು ಹೋಗಬೇಡಿ. ಇನ್ನೊಬ್ಬರು, ಮತ್ತೊಬ್ಬರು. ಕೊನೆಯವರೂ ಮಾಯವಾದಾಗ ಮಾಮೂಲಿಯಾಗಿ ಕಾಣಬೇಕಾದ ‘ಗೇಮ್ ಓವರ್’ ಇಲ್ಲಿ ಕಾಣುವುದಿಲ್ಲ. ಕಣ್ಣು ಬಿಟ್ಟರೆ ನೀವು ಒಂದು ಗುಹೆಯಲ್ಲಿರುತ್ತೀರಿ. ಅದೇ ಹುಳದ ಹೊಟ್ಟೆ.

ಹೊಟ್ಟೆಯೊಳಗೆ

ಒಂದು ಕಡೆ ಸೇತುವೆಗಳ ಮೇಲೆ ಹಸಿರು ಅಂಗಿಯವರು ಅತ್ತಿಂದಿತ್ತ ಓಡಾಡುತ್ತಿರುತ್ತಾರೆ. ಡಿಕ್ಕಿ ಹೊಡೆದರೆ ಕೆಳಗಿನ ಮಹಡಿಗೆ ಬೀಳುತ್ತೀರಿ, ಸಂಜೆ ದಾದರ್ ಬ್ರಿಜ್ ಮೇಲೆ ಅಡ್ಡ ಸಿಕ್ಕವರ ಪಾಡೇ ನಿಮ್ಮದು. ಬಿದ್ದರೆ ಜೀವ ಹೋಗುವುದಿಲ್ಲ, ದಾರಿ ಹುಡುಕಿಕೊಂಡು ಮುಂದೆ ನಡೆಯಿರಿ. ಪೆಟ್ಟಿಗೆ ಸಿಕ್ಕಲ್ಲೆಲ್ಲಾ ತೆರೆಯಿರಿ, ಗೆಂಜಿ ಆರ್ಮರ್ ಅನ್ನೋ ಕವಚ ಇರುವುದು ಇಲ್ಲೇ.

ನಿಜವಾಗಿ ಎಚ್ಚರ ಬೇಕಾದ್ದು ಚಾವಣಿ ಕುಸಿಯುವ ಕೋಣೆಯಲ್ಲಿ. ಅಲ್ಲಿ ಇಡೀ ಚಾವಣಿಯೇ ಕೆಳಗೆ ಬಂದು ನೆಲಕ್ಕೆ ಬಡಿದು ಮತ್ತೆ ಮೇಲೇರುತ್ತದೆ. ಅಡಿಗೆ ಸಿಕ್ಕರೆ ಎಚ್‌ಪಿ ಎಷ್ಟಿದ್ದರೂ ಲೆಕ್ಕಕ್ಕಿಲ್ಲ, ಆಟ ಅಲ್ಲಿಗೇ ಮುಗೀತು. ಚಾವಣಿಯಲ್ಲಿ ಅಲ್ಲಲ್ಲಿ ತೂತುಗಳಿವೆ. ಅದು ಇಳಿಯುವಾಗ ನೀವು ಸರಿಯಾಗಿ ತೂತಿನ ಕೆಳಗೆ ನಿಂತಿರಬೇಕು. ಏರಿದ ತಕ್ಷಣ ಓಡಿ ಮುಂದಿನ ತೂತಿನ ಕೆಳಗೆ ನಿಲ್ಲಿ. ಪೆಟ್ಟಿಗೆಯ ಆಸೆಗೆ ಎರಡು ಹೆಜ್ಜೆ ಜಾಸ್ತಿ ಇಟ್ಟವರೇ ಇಲ್ಲಿ ಅಪ್ಪಚ್ಚಿಯಾಗುವುದು. ಈ ಕೋಣೆಯನ್ನು ರೈಲಿನಲ್ಲಿ ಆಡಬೇಡಿ, ಥಾಣೆಯಲ್ಲಿ ಜನ ನುಗ್ಗಿದಾಗ ಹೆಬ್ಬೆರಳು ಎತ್ತ ಹೋಗುತ್ತದೋ ಹೇಳಲಾಗದು. ಇದು ದಾಟಿದರೆ ಪೆಟ್ಟಿಗೆಗಳ ಮೇಲೆ ಹಾರಿ ಹೋಗುವ ಇನ್ನೊಂದು ಕೋಣೆ, ಅದೇನೂ ದೊಡ್ಡ ವಿಷಯವಲ್ಲ.

ಕೊನೆಯ ಕೋಣೆಯಲ್ಲಿ ಒಬ್ಬ ನಿಂತಿರುತ್ತಾನೆ. ತಲೆಯಿಂದ ಕಾಲಿನವರೆಗೆ ಬಣ್ಣಬಣ್ಣದ ಬಟ್ಟೆ, ಮುಖ ಕಾಣುವುದಿಲ್ಲ. ಮಾತಾಡಿಸಿ. ನೀವು ಲೋಕ ಉಳಿಸಲು ಹೊರಟಿದ್ದೀರಿ ಅಂತ ತಿಳಿದರೆ, ಹಾಗಾದರೆ ನಾನೂ ಅದನ್ನೇ ಮಾಡಬೇಕಾಯ್ತು ಅಂತ ಹೊರಟು ಬರುತ್ತಾನೆ. ಕಾರಣ ಅಷ್ಟೇ! ಹೊರಗೆ ಹೋಗುವ ದಾರಿ ನೀವು ಮೊದಲು ಬಂದು ಬಿದ್ದ ಜಾಗದಲ್ಲೇ ಇದೆ.

ಇವನು ಯಾರು?

ಆಟ ಹೇಳುವುದಿಲ್ಲ. ನಾನು ಅವನು ಅಂತ ಬರೆಯುತ್ತಿದ್ದೇನೆ, ಗಂಡೋ ಹೆಣ್ಣೋ ಅನ್ನುವುದೂ ಗೊತ್ತಿಲ್ಲದ ಪಾತ್ರ ಇದು. ಏರ್‌ಶಿಪ್ ಅಪಘಾತದಲ್ಲಿ ಸತ್ತಳು ಅಂದುಕೊಂಡ ಡ್ಯಾರಿಲ್ಲೇ ಇವಳು ಅಂತ ವಾದಿಸುವ ಅಭಿಮಾನಿಗಳು ಇದ್ದಾರೆ. ನನಗಂತೂ ನಂಬಿಕೆಯಿಲ್ಲ, ಸೆಟ್ಜರ್ ಪಕ್ಕದಲ್ಲೇ ನಿಂತಿದ್ದರೂ ಇಬ್ಬರ ನಡುವೆ ಅಂಥ ಒಂದು ಮಾತೂ ಇಲ್ಲ. ಇದಕ್ಕಿಂತ ನನಗೆ ಮಜಾ ಅನ್ನಿಸುವುದು 1992ರ ಫೈನಲ್ ಫ್ಯಾಂಟಸಿ 5. ಅದರಲ್ಲೂ ಗೋಗೋ ಹೆಸರಿನ ಒಬ್ಬ ಅನುಕರಣೆಗಾರ ಇದ್ದಾನೆ, ಮುಳುಗಿದ ವಾಲ್ಸ್ ಗೋಪುರದ ತಳದಲ್ಲಿ. ಅಲ್ಲಿ ನಿಮಗಿರುವುದು 7 ನಿಮಿಷ. ಗಡಿಯಾರ ಓಡುತ್ತಿರುತ್ತದೆ, ಆದರೂ ಅವನನ್ನು ಗೆಲ್ಲಲು ಏನೂ ಮಾಡದೆ ನಿಲ್ಲಬೇಕು. ಇಬ್ಬರೂ ಒಬ್ಬರೇ ಅಂತ ಎಲ್ಲೂ ಹೇಳಿಲ್ಲ, ಆದರೆ ಎರಡು ಕಡೆಯೂ ಆಟ ಕಟ್ಟಿದವರು ಕೇಳುವುದು ಒಂದನ್ನೇ: ಕೈ ಸುಮ್ಮನಿಡು.

ಸಿಕ್ಕ ಮೇಲೆ ಬಳಸುವುದು ಹೇಗೆ

ಬಹಳ ಜನ ಇಲ್ಲೇ ಎಡವುವುದು. ಗೋಗೋ ಬಂದಾಗ ಅವನ ಹತ್ತಿರ ಮಿಮಿಕ್ ಒಂದೇ ಕಮಾಂಡ್ ಇರುತ್ತದೆ. ಕತ್ತಿ ಎತ್ತಿ ಹೊಡೆಯಲೂ ಬಾರದು. ಕೆಲಸಕ್ಕೆ ಬಾರದವನು ಅಂತ ಅವನನ್ನು ಏರ್‌ಶಿಪ್‌ನಲ್ಲಿ ಬಿಟ್ಟುಬಿಡುತ್ತಾರೆ. ಮೆನುವಿನಲ್ಲಿ ಅವನ ಸ್ಟೇಟಸ್ ತೆರೆದು ನೋಡಿ, ಮಿಮಿಕ್ ಜೊತೆ ಮೂರು ಖಾಲಿ ಜಾಗ ಕಾಣುತ್ತವೆ. ನಿಮ್ಮ ಜೊತೆ ಸೇರಿರುವವರ ಕಮಾಂಡ್‌ಗಳಲ್ಲಿ ಬಹುತೇಕ ಎಲ್ಲವನ್ನೂ ಅಲ್ಲಿ ತುಂಬಬಹುದು. ನಾನು ಹಾಕುವುದು ಎಡ್ಗರ್‌ನ ಟೂಲ್ಸ್, ಸೇಬಿನ್‌ನ ಬ್ಲಿಟ್ಜ್, ಮತ್ತು ಮ್ಯಾಜಿಕ್. ಅವನು ಸ್ವಂತವಾಗಿ ಮ್ಯಾಜಿಕ್ ಕಲಿಯುವುದಿಲ್ಲ, ಮಂತ್ರ ಕಲಿಸುವ ಕಲ್ಲು ಮ್ಯಾಜಿಸೈಟ್ ಕೂಡ ಕೊಡಲಾಗದು. ಆ ಹೊತ್ತಿಗೆ ಪಾರ್ಟಿಯಲ್ಲಿ ಜೊತೆಗಿರುವವರಿಗೆ ಬರುವ ಮಂತ್ರಗಳೆಲ್ಲಾ ಅವನಿಗೂ ಬರುತ್ತವೆ. ಹಾಗಾಗಿ ಟೆರಾ ಅಥವಾ ಸೆಲೆಸ್ ಜೊತೆಯಲ್ಲೇ ಇಡಿ.

ಮಿಮಿಕ್ ಅಂದರೆ ಅವನಿಗಿಂತ ಮುಂಚೆ ನಮ್ಮವರು ಮಾಡಿದ್ದನ್ನು ಹಾಗೇ ಮತ್ತೆ ಮಾಡುವುದು, ಎಂಪಿ (ಮಂತ್ರ ಹಾಕಲು ಬೇಕಾದ ಶಕ್ತಿ) ಒಂದಿಷ್ಟೂ ಖರ್ಚಾಗದೆ. ಸೆಲೆಸ್ ಎಂಪಿ ಸುರಿದು ದೊಡ್ಡ ಮಂತ್ರ ಹಾಕಲಿ, ಬೆನ್ನಿಗೇ ಗೋಗೋ ಅದನ್ನೇ ಪುಕ್ಕಟೆ ಹಾಕುತ್ತಾನೆ.

ಕೊನೆಯಲ್ಲಿ ಕೆಫ್ಕಾ ಗೋಪುರಕ್ಕೆ ಮೂರು ಪಾರ್ಟಿ ಕಳಿಸಬೇಕು, ನಾಲ್ಕು ನಾಲ್ಕು ಜನ. ಒಟ್ಟು ಸಿಗುವ 14 ಜನರಲ್ಲಿ ಗೋಗೋನನ್ನು ಮಂತ್ರ ಜಾಸ್ತಿ ಕಲಿತವರ ಪಾರ್ಟಿಗೆ ಹಾಕಿ. ಇನ್ನೊಬ್ಬ ಗುಟ್ಟಿನ ಪಾತ್ರ ಉಮಾರೋ ನಾರ್ಶೆ ಊರಿನ ಗುಹೆಯಲ್ಲಿದ್ದಾನೆ, ಆದರೆ ಮೊದಲು ಮಾಗ್ ಅನ್ನೋ ಪಾತ್ರವನ್ನು ಸೇರಿಸಿಕೊಳ್ಳದಿದ್ದರೆ ಅವನು ಬರುವುದಿಲ್ಲ. ಬಂದರೂ ನೀವು ಹೇಳಿದ್ದು ಕೇಳುವುದಿಲ್ಲ, ತನಗೆ ತೋಚಿದಂತೆ ಹೊಡೆಯುತ್ತಾನೆ.